ಸಿಂಚನ ಮುದ್ದೆ ತಿಂದ ಯುಗಾದಿ

ಕಳೆದ ತಿಂಗಳು ರಾಮನಗರದ ವಿಶೇಷ ಮಕ್ಕಳ ತರಬೇತಿ ಕೇಂದ್ರದ ಹೊರಗೆ ಬೆಂಚಿನ ಮೇಲೆ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿ ಕನಕಪುರ ಕಡೆಯ ಒಬ್ಬ ತಾಯಿ. ಅವಳ ಮಗ ಒಳಗೆ ಟೀಚರ್ ಜೊತೆಗಿದ್ದ. ನನ್ನ ಮಗಳು ತನ್ನ ಸರದಿ ಬರುವ ತನಕ ನಮ್ಮ ಬೆಂಚಿನ ಕೆಳಗೆ, ತಣ್ಣನೆಯ ನೆಲಕ್ಕೆ ಕೆನ್ನೆ ಒತ್ತಿಕೊಂಡು ಮಲಗಿದ್ದಳು. ಆ ತಾಯಿ ಬಗ್ಗಿ ಅವಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿ ಕೇಳಿದಳು: "ಅಕ್ಕ, ದಿನಾ ಹೆಂಗೋ ತಳ್ಬುಡ್ತೀನಿ. ಹಬ್ಬ ಬಂತು ಅಂದ್ರೆ ಎದೆ ಡವಡವ ಅಂತದೆ. ನೀವು ಹಬ್ಬದಲ್ಲಿ ಏನ್ ಮಾಡ್ತೀರಾ?"

ನಾನು ನಮ್ಮ ಯುಗಾದಿಯ ಕಥೆ ಶುರುಮಾಡಿದೆ. ಅರ್ಧ ಹೇಳುವಷ್ಟರಲ್ಲಿ ಅವಳ ಮಗ ಹೊರಗೆ ಬಂದ, ಬಸ್ಸಿನ ಹೊತ್ತಾಯಿತು ಅಂತ ಅವಳು ಎದ್ದುಹೋದಳು. ಉಳಿದರ್ಧ ನನ್ನ ಹತ್ತಿರವೇ ಉಳಿಯಿತು. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. ನನಗೆ ಗೊತ್ತಿರುವುದು ಒಂದೇ ಒಂದು ಮಗುವಿನ ವಿಷಯ. ಅದೂ ಪೂರ್ತಿ ಗೊತ್ತಿಲ್ಲ.

ನಾನು ಸವಿತ. ಮಾಗಡಿ ತಾಲ್ಲೂಕಿನ ಕಲ್ಯದ ಹತ್ತಿರ ನಮ್ಮೂರು. ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ರವಿಕೆ, ಚೂಡಿದಾರ್ ಹೊಲಿಯುತ್ತೇನೆ. ನನ್ನ ಗಂಡ ಕೆಂಪರಾಜು ಒಂದಿಷ್ಟು ರಾಗಿ, ಹಿಪ್ಪುನೇರಳೆ ಬೆಳೆಯುತ್ತಾರೆ. ಮಿಕ್ಕ ಹೊತ್ತು ಲಗೇಜ್ ಆಟೋ ಓಡಿಸುತ್ತಾರೆ. ಸುತ್ತಮುತ್ತಲಿನವರ ರೇಷ್ಮೆಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಮುಟ್ಟಿಸುವುದು ಅವರ ಕೆಲಸ. ಅತ್ತೆ ಹೊನ್ನಮ್ಮ ನಮ್ಮ ಜೊತೆಗೇ ಇದ್ದಾರೆ. ಸಿಂಚನ ನಮಗೆ ಒಬ್ಬಳೇ ಮಗಳು. ಅವಳಿಗೆ ಆಟಿಸಂ ಇದೆ. ಮಾತಾಡುವುದಿಲ್ಲ.

ಮೊದಮೊದಲು ನಮಗೇನೂ ಅನುಮಾನ ಬಂದಿರಲಿಲ್ಲ. ಕರೆದರೆ ತಿರುಗಿ ನೋಡುತ್ತಿರಲಿಲ್ಲ, ಆದರೆ ಬೀದಿಯ ಆ ತುದಿಯಲ್ಲಿ ಅವರಪ್ಪನ ಆಟೋ ಸದ್ದಾದರೆ ಬಾಗಿಲಿಗೆ ಓಡುತ್ತಿದ್ದಳು. ಹಾಗಾಗಿ ಕಿವಿ ಕೇಳುತ್ತದೆ ಅಂತ ಗೊತ್ತಿತ್ತು. ಅತ್ತೆ ಧೈರ್ಯ ಹೇಳುತ್ತಿದ್ದರು: "ಮಾತು ಬತ್ತದೆ ಕಣವ್ವ. ಇವ್ರಪ್ಪಂಗೂ ಲೇಟಾಗೇ ಬಂದಿದ್ದು. ಬಂದ ಮ್ಯಾಲೆ ನಿಲ್ಸೋರ್ಯಾರು ಅನ್ನಂಗಾಯ್ತು." ನಾವು ಕಾದೆವು. ಅಂಗನವಾಡಿಯ ಟೀಚರ್ ಒಂದು ದಿನ ಮನೆಗೇ ಬಂದು, ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಒಮ್ಮೆ ತೋರಿಸಿ ಎಂದರು.

ಆ ಆಸ್ಪತ್ರೆಯ ಹಾಲ್ ನನಗೆ ಇವತ್ತಿಗೂ ನೆನಪಿದೆ. ಟೋಕನ್ ಹಿಡಿದು ಕೂತ ಅಪ್ಪ ಅಮ್ಮಂದಿರು, ಒಂದೊಂದು ಮಗುವೂ ಒಂದೊಂದು ಥರ. ಒಬ್ಬ ಹುಡುಗ ಚಪ್ಪಲಿಗಳನ್ನೆಲ್ಲ ಸಾಲಾಗಿ ಜೋಡಿಸುತ್ತಿದ್ದ. ಸಿಂಚನ ಆಗಲೂ ಬೆಂಚಿನ ಕೆಳಗೆ ಸೇರಿಕೊಂಡಿದ್ದಳು. ಜನ ನೋಡುತ್ತಾರೆ ಅಂತ ನಾನು ಎಳೆದೆ, ಅವಳು ಕಿರುಚಿದಳು. ಕೊನೆಗೆ ಸೋತು, ಅಲ್ಲೇನಿದೆ ನೋಡೇಬಿಡೋಣ ಅಂತ ನಾನೂ ನೆಲಕ್ಕೆ ಕೂತು ಬಗ್ಗಿದೆ. ಮೇಲಿನ ಫ್ಯಾನಿನ ನೆರಳು ನೆಲದ ಮೇಲೆ ಸುತ್ತುತ್ತಿತ್ತು. ಬೆಂಚಿನ ಕಾಲುಗಳ ನಡುವೆ ಹಾದುಹೋಗುವಾಗ ಅದು ತುಂಡುತುಂಡಾಗಿ ಮತ್ತೆ ಕೂಡಿಕೊಳ್ಳುತ್ತಿತ್ತು. ನಿಜಕ್ಕೂ ಚೆನ್ನಾಗಿತ್ತು. ನನ್ನ ಗಂಡ "ಎದ್ದೇಳೇ, ಕೂಗ್ತಾವ್ರೆ" ಅನ್ನುವ ತನಕ ನಾನೂ ನೋಡುತ್ತಲೇ ಇದ್ದೆ.

ಆಟಿಸಂ ಅನ್ನುವ ಮಾತನ್ನು ಡಾಕ್ಟರು ನಿಧಾನವಾಗಿ, ನಮ್ಮ ಮುಖ ನೋಡಿಕೊಂಡೇ ಹೇಳಿದರು. "ವಾಸಿಯಾಗುತ್ತಾ?" ಅಂತ ಕೇಳಿದೆ. "ಇದು ಜ್ವರದ ಹಾಗೆ ಬಂದು ಹೋಗೋದಲ್ಲಮ್ಮ. ಅವಳು ಇರೋದೇ ಹೀಗೆ. ಕಲೀತಾಳೆ, ಬೆಳೀತಾಳೆ. ನೀವೊಂದು ಕೆಲಸ ಮಾಡಿ. ಅವಳು ಅತ್ತಾಗ, ಕಿರುಚಿದಾಗ, ಅದಕ್ಕೆ ಸ್ವಲ್ಪ ಮುಂಚೆ ಏನಾಯ್ತು ಅಂತ ನೋಡ್ತಾ ಹೋಗಿ" ಎಂದರು. ಮನೆಗೆ ಬಂದು ಹೇಳಿದಾಗ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಉಂಡ್ಳಾ ಮಗು?" ಅಂತ ಮಾತ್ರ ಕೇಳಿದರು.

ನಾನು ಅತ್ತಿಲ್ಲ ಅಂತಲ್ಲ. ಆದರೆ ಡಾಕ್ಟರು ಹೇಳಿದ ಕೆಲಸ ನನಗೆ ಹಿಡಿಸಿತು. ಮೊದಲಿನಿಂದಲೂ ನನಗೆ ಹೊಲಿಗೆ ಬಿಚ್ಚಿ ನೋಡುವ ಹುಚ್ಚು. ಯಾರಾದರೂ ಚೆಂದದ ರವಿಕೆ ತಂದರೆ ಒಳಗೆ ಹೇಗೆ ಹೊಲಿದಿದ್ದಾರೆ ಅಂತ ತಿರುಗಿಸಿ ನೋಡದೆ ಬಿಡುವವಳಲ್ಲ. ಹಾಗೇ ಮಗಳನ್ನು ನೋಡತೊಡಗಿದೆ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿ ಹಿತ್ತಿಲಿಗೆ ಓಡುತ್ತಾಳೆ. ಪಕ್ಕದಲ್ಲೇ ಟ್ರಾಕ್ಟರ್ ಗುಡುಗಿದರೆ ಹತ್ತಿರ ಹೋಗಿ ನಿಲ್ಲುತ್ತಾಳೆ. ಯಾಕೆ? ಮಿಕ್ಸಿ ಹೇಳದೆ ಕೇಳದೆ ಕೂಗುತ್ತದೆ, ಟ್ರಾಕ್ಟರ್ ದೂರದಿಂದ ಬರುತ್ತಾ ಬರುತ್ತಾ ದೊಡ್ಡದಾಗುತ್ತದೆ, ಅದಕ್ಕಿರಬಹುದು ಅನ್ನಿಸಿತು. ಆವತ್ತಿನಿಂದ ಮಿಕ್ಸಿ ಹಾಕುವ ಮುಂಚೆ ಅವಳಿಗೆ ಜಾರ್ ತೋರಿಸುವುದು ರೂಢಿಯಾಯಿತು. ಈಗಲೂ ಕಿವಿ ಮುಚ್ಚಿಕೊಳ್ಳುತ್ತಾಳೆ, ಆದರೆ ಓಡುವುದಿಲ್ಲ. ಒಂದು ಫ್ರಾಕನ್ನು ಹಾಕಿದ ತಕ್ಷಣ ಕಿತ್ತೆಸೆಯುತ್ತಿದ್ದಳು. ಅದನ್ನು ನಾನೇ ಕೈಗೆ ಉಜ್ಜಿ ನೋಡಿದೆ; ಕಂಕುಳ ಹತ್ತಿರದ ಹೊಲಿಗೆ ಗರಗರ ಅನ್ನುತ್ತಿತ್ತು. ಈಗ ಅವಳ ಬಟ್ಟೆಗಳನ್ನು ಹೊಲಿಗೆ ಹೊರಗೆ ಬರುವ ಹಾಗೆ ಹೊಲಿಯುತ್ತೇನೆ. "ಉಲ್ಟಾ ಹಾಕಿದ್ದೀರಲ್ಲ" ಅಂತ ಬಸ್ಸಿನಲ್ಲಿ ಯಾರಾದರೂ ಹೇಳುತ್ತಲೇ ಇರುತ್ತಾರೆ.

ದಿನಚರಿ ಅನ್ನುವುದು ನಮ್ಮ ಮನೆಯ ತೊಲೆ ಇದ್ದ ಹಾಗೆ. ಎದ್ದ ಕೂಡಲೇ ಹಿತ್ತಿಲಿನ ಹಸುವಿನ ಹತ್ತಿರ ಒಂದಿಷ್ಟು ಹೊತ್ತು, ಆಮೇಲೆ ಮುಖ ತೊಳೆಯುವುದು, ಆಮೇಲೆ ನೀಲಿ ತಟ್ಟೆಯಲ್ಲಿ ತಿಂಡಿ. ಒಂದೊಂದಕ್ಕೂ ಒಂದು ಫೋಟೋ ತೆಗೆದು, ಗೋಡೆಯ ದಾರಕ್ಕೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದ್ದೇವೆ. ಮುಗಿದ ಫೋಟೋವನ್ನು ಅವಳೇ ತೆಗೆದು ಡಬ್ಬಿಗೆ ಹಾಕುತ್ತಾಳೆ. ಮುಂದೇನು ಅಂತ ಗೊತ್ತಿದ್ದರೆ ಅವಳಷ್ಟು ಸಮಾಧಾನದ ಮಗು ಇನ್ನೊಂದಿಲ್ಲ.

ಹಬ್ಬ ಬಂದರೆ ಮುಂದೇನು ಅನ್ನುವುದು ದೊಡ್ಡವರಿಗೇ ಗೊತ್ತಿರುವುದಿಲ್ಲ. ಅದರಲ್ಲೂ ಯುಗಾದಿ. ಮನೆಗೆ ಸುಣ್ಣ ಬಣ್ಣ, ಪಾತ್ರೆಗಳೆಲ್ಲ ಅಂಗಳಕ್ಕೆ, ಮಂಚದ ಜಾಗ ಬದಲು. ತಲೆಗೆ ಎಣ್ಣೆ ಒತ್ತಿ ಬಿಸಿನೀರು ಹುಯ್ಯುವುದು. ಹೊಸ ಬಟ್ಟೆ. ಒಬ್ಬಟ್ಟಿನ ಮರುದಿನ ಹೊಸತೊಡಕು. ಅವತ್ತು ನಮ್ಮ ಕಡೆ ಮನೆಮನೆಯಲ್ಲೂ ಬಾಡೂಟ, ನೆಂಟರ ದಂಡು, ಮಸಾಲೆ ರುಬ್ಬುವ ಸದ್ದು, ನಗು, ಜಗಳ. ಸಿಂಚನ ಚಿಕ್ಕವಳಿದ್ದಾಗಿನ ಒಂದು ಯುಗಾದಿಯಲ್ಲಿ ಮೈಗೆ ಎಣ್ಣೆ ಹಚ್ಚಿದ್ದೇ ತಡ, ಹಾಗೇ ಬೀದಿಗೆ ಓಡಿದ್ದಳು. ಅವಳ ಹಿಂದೆ ಎಣ್ಣೆ ಕೈಯಲ್ಲಿ ನಾನು, ನನ್ನ ಹಿಂದೆ ಬಿಸಿನೀರಿನ ಚೊಂಬು ಹಿಡಿದ ಅತ್ತೆ. ಊರವರಿಗೆ ಅದೇ ಹಬ್ಬವಾಗಿತ್ತು.

ಆಮೇಲಿನ ವರ್ಷಗಳಲ್ಲಿ ಒಂದೊಂದನ್ನೇ ಬಿಡಿಸಿಕೊಂಡೆವು. ಹಬ್ಬಕ್ಕೆ ಬಹಳ ಮುಂಚಿನಿಂದಲೇ ದಿನವೂ ಅಂಗೈಗೆ ಒಂದು ತೊಟ್ಟು ಎಣ್ಣೆ ಹಾಕಿ ಬಿಡುತ್ತಿದ್ದೆವು. ಬೇಕಾದರೆ ಮೂಸಲಿ, ಬೇಕಾದರೆ ಗೋಡೆಗೆ ಒರೆಸಲಿ. ಹೊಸ ಬಟ್ಟೆಯನ್ನು ಒಗೆದು ಒಗೆದು ಹಳೆಯದು ಮಾಡಿ ಅವಳ ದಿಂಬಿನ ಕೆಳಗೆ ಇಡುತ್ತಿದ್ದೆ. ಸುಣ್ಣ ಬಣ್ಣ ಮಾಡುವಾಗ ಅವಳು ಮಲಗುವ ಮೂಲೆಯನ್ನು ಮುಟ್ಟುತ್ತಿರಲಿಲ್ಲ. ನಮ್ಮ ನಡುಮನೆಯ ಆ ಒಂದು ಮೂಲೆ ಇವತ್ತಿಗೂ ಹಳೇ ಹಸಿರು. ನೆಂಟರು ಜಾಸ್ತಿಯಾದಾಗ ಅಪ್ಪ ಮಗಳು ಹೋಗಿ ಹೊಂಗೆಮರದ ಕೆಳಗೆ ನಿಲ್ಲಿಸಿದ ಆಟೋದಲ್ಲಿ ಕೂರುತ್ತಿದ್ದರು. ಮೊದಮೊದಲು "ಬಾಮೈದ ಬಂದವ್ನೆ, ಇವ್ನು ಆಟೋದಲ್ಲಿ ಕುಂತವ್ನೆ" ಅಂತ ನೆಂಟರು ಮುನಿಸಿಕೊಂಡರು. ಆಮೇಲೆ ಕೆಲವರು ತಾವೂ ತಟ್ಟೆ ಹಿಡಿದುಕೊಂಡು ಅಲ್ಲಿಗೇ ಹೋಗತೊಡಗಿದರು.

ನಾನು ಹೇಳಹೊರಟಿರುವುದು ಎರಡು ವರ್ಷದ ಹಿಂದಿನ ಯುಗಾದಿಯ ಕಥೆ. ಸಿಂಚನಳಿಗೆ ಆಗ ಎಂಟು ವರ್ಷ.

ಸಿಂಚನಳಿಗೆ ಇಷ್ಟವಾದದ್ದೆಲ್ಲ ಕರುಂಕುರುಂ ಅನ್ನುವ ತಿಂಡಿ. ನಿಪ್ಪಟ್ಟು, ಕೋಡುಬಳೆ, ಗರಿಗರಿ ದೋಸೆಯ ಅಂಚು. ಮೆತ್ತಗಿರುವುದನ್ನು ಬೆರಳಿನಿಂದಲೂ ಮುಟ್ಟುತ್ತಿರಲಿಲ್ಲ. ಮುದ್ದೆ ಕಂಡರಂತೂ ತಟ್ಟೆಯನ್ನೇ ದೂಡುತ್ತಿದ್ದಳು. ಮಾಗಡಿ ಕಡೆಯ ಮನೆಯಲ್ಲಿ ಹುಟ್ಟಿ ಮುದ್ದೆ ಉಣ್ಣದ ಮಗು! ಅತ್ತೆಗೆ ಅವಳು ಮಾತಾಡದಿರುವುದಕ್ಕಿಂತ ಇದೇ ದೊಡ್ಡ ಕೊರಗು. "ಒಂದ್ ತುತ್ತು ಮುದ್ದೆ ಒಳಕ್ಕೆ ಹೋಗ್ಲಿ, ಮಿಕ್ಕಿದ್ದೆಲ್ಲ ತಾನಾಗೇ ಸರಿಹೋಯ್ತದೆ" ಎನ್ನುತ್ತಿದ್ದರು.

ಹಬ್ಬಕ್ಕೆ ಇನ್ನೂ ಒಂದು ವಾರವಿತ್ತು. ಮಧ್ಯಾಹ್ನ ಅತ್ತೆ ಊಟಕ್ಕೆ ಕೂತಿದ್ದರು. ಸಿಂಚನ ಬಂದು ಪಕ್ಕದಲ್ಲಿ ಕೂತಳು. ಅತ್ತೆ ಎಂದಿನ ಹಾಗೆ, ಆಸೆಯಿಲ್ಲದೆ, ಸೊಪ್ಪಿನ ಸಾರಿನಲ್ಲಿ ಅದ್ದಿದ ಸಣ್ಣ ತುತ್ತೊಂದನ್ನು ಅವಳ ಬಾಯಿಯ ಹತ್ತಿರ ಹಿಡಿದರು. ಸಿಂಚನ ಬಾಯಿ ತೆರೆದಳು. ನುಂಗಿದಳು. ಮತ್ತೆ ಬಾಯಿ ತೆರೆದಳು.

"ಸವಿತಾ! ಓಡ್ಬಾರೇ! ಮೆಷಿನ್ ಬುಟ್ಟು ಬಾರೇ!"

ನಾನು ಹೋಗಿ ನೋಡುವಷ್ಟರಲ್ಲಿ ಅರ್ಧ ಮುದ್ದೆ ಖಾಲಿ. ಅತ್ತೆಯ ಕಣ್ಣಲ್ಲಿ ನೀರು. ಅವತ್ತು ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟಿತು. "ನಮ್ ಸಿಂಚು ಮುದ್ದೆ ಉಂಡ್ಳು ಕಣ್ರವ್ವ" ಅಂತ ಅತ್ತೆ ಹಾಲಿನ ಡೈರಿಯಲ್ಲಿ, ನಲ್ಲಿ ಹತ್ತಿರ, ಸಿಕ್ಕವರಿಗೆಲ್ಲ ಹೇಳಿದರು. ದೊಡ್ಡಆಲಹಳ್ಳಿಗೆ ಕೊಟ್ಟಿರುವ ನನ್ನ ನಾದಿನಿ ಸುಜಾತಳಿಗೆ ಫೋನ್ ಹೋಯಿತು. ನನ್ನ ಗಂಡನೂ ಆಟೋ ನಿಲ್ಲಿಸಿದವರೇ ಅಡುಗೆಮನೆಗೆ ಬಂದು, "ನಿಜ್ವಾ?" ಅಂದರು. ನನಗೂ ಖುಷಿಯೇ. ತರಬೇತಿ ಕೇಂದ್ರದ ಟೀಚರಿಗೆ ನಾನೇ ಫೋನ್ ಮಾಡಿದೆ. ಅವರೂ, "ಹೊಸ ಊಟ ಒಪ್ಪಿಕೊಂಡಳು ಅಂದ್ರೆ ಒಳ್ಳೇದೇ" ಎಂದರು.

ಅದಾದ ಮೂರ್ನಾಲ್ಕು ದಿನಕ್ಕೆ ಅವಳು ಕೆನ್ನೆಗೆ ಹೊಡೆದುಕೊಳ್ಳತೊಡಗಿದಳು. ಅಂಗೈಯಿಂದ, ಪಟಪಟ ಅಂತ. ಫ್ರಾಕಿನ ಕೊರಳಪಟ್ಟಿಯನ್ನು ಕಚ್ಚಿ ಕಚ್ಚಿ ನಾರು ಮಾಡಿದಳು. ಹಸುವಿನ ಹತ್ತಿರ ಹೋಗಲಿಲ್ಲ. ಯುಗಾದಿಯ ದಿನ ಎಣ್ಣೆ ಹಚ್ಚಲು ಹೋದರೆ ಚೀರಿದ ಚೀರಿಗೆ ಪಕ್ಕದ ಮನೆಯವರು ಓಡಿಬಂದರು. ಹೊಸತೊಡಕಿನ ದಿನ ಸುಜಾತಳ ಮನೆಯವರು ಬಂದಾಗ ಆಟೋದಲ್ಲೂ ಕೂರಲಿಲ್ಲ.

ಒಬ್ಬೊಬ್ಬರದೂ ಒಂದೊಂದು ಮಾತು. "ಜನ ಜಾಸ್ತಿ ಆಯ್ತು, ಅದಕ್ಕೇ" ಅಂದರು ನನ್ನ ಗಂಡ. "ದೃಷ್ಟಿ ತಾಕೈತೆ. ಮುದ್ದೆ ಉಂಡ್ಳು ಅಂತ ನಾನು ಊರೆಲ್ಲಾ ಸಾರ್ಬಾರದಾಗಿತ್ತು" ಅಂತ ಅತ್ತೆ ಮೆಣಸಿನಕಾಯಿ ನಿವಾಳಿಸಿದರು. ಟೀಚರ್ ಫೋನಿನಲ್ಲಿ, "ಇಲ್ಲಿ ಕೇಂದ್ರದ ವೇಳೆ ಬದಲಾಗಿದೆ, ಹಬ್ಬ ಬೇರೆ. ಒಂದೆರಡು ವಾರ ತಗೊಳ್ಳುತ್ತೆ" ಎಂದರು. ನಾನೂ ಹಾಗೇ ಅಂದುಕೊಂಡೆ. ನೆಂಟರೆಲ್ಲ ಹೊರಟರು, ಮನೆ ಮೊದಲಿನ ಹಾಗಾಯಿತು, ಫೋಟೋಗಳು ಮತ್ತೆ ದಾರಕ್ಕೆ ಬಂದವು. ಅವಳು ಮಾತ್ರ ಮೊದಲಿನ ಹಾಗಾಗಲಿಲ್ಲ. ಕೆನ್ನೆಗೆ ಹೊಡೆದುಕೊಳ್ಳುತ್ತಲೇ ಇದ್ದಳು. ಮುದ್ದೆಯನ್ನು ಮಾತ್ರ ಬಿಡದೆ ಉಣ್ಣುತ್ತಿದ್ದಳು.

ಇದೊಂದು ನನ್ನ ತಲೆಯಲ್ಲಿ ಕೊರೆಯತೊಡಗಿತು. ಎಲ್ಲಾ ಬೇಡವಾಗಿರುವ ಹೊತ್ತಿನಲ್ಲಿ ಹೊಸದೊಂದು ಬೇಕಾಗಿದ್ದು ಯಾಕೆ? ಇಷ್ಟು ವರ್ಷ ಮುಟ್ಟದ ಮುದ್ದೆ ಈಗ್ಯಾಕೆ?

ಒಂದು ದಿನ ಅವಳ ಪಕ್ಕದಲ್ಲೇ ತಟ್ಟೆ ಹಾಕಿಕೊಂಡು ಕೂತೆ. ಅವಳು ಮಾಡಿದ ಹಾಗೆ ಮಾಡಿದೆ. ಅವಳು ತುತ್ತು ನುಂಗಿದರೆ ನಾನೂ ನುಂಗಿದೆ. ಅವಳು ಸಾರು ಕುಡಿದರೆ ನಾನೂ ಕುಡಿದೆ. ಅವಳು ತಣ್ಣೀರಿನ ಲೋಟ ದೂಡಿದಾಗ ನಾನೂ ದೂಡಿದೆ. ತಟ್ಟೆಯಲ್ಲಿ ಹಬ್ಬದ ನಿಪ್ಪಟ್ಟೂ ಇತ್ತು. ಅದನ್ನು ಅವಳು ಎತ್ತಿದಳು, ನೆಕ್ಕಿದಳು, ಬಾಯಿಯ ಹತ್ತಿರ ಇಟ್ಟುಕೊಂಡು ಒಂದು ಕ್ಷಣ ಯೋಚಿಸಿದವಳ ಹಾಗೆ ಕೂತು, ಮತ್ತೆ ತಟ್ಟೆಗೆ ಹಾಕಿದಳು. ನಾನು ನನ್ನ ನಿಪ್ಪಟ್ಟು ಎತ್ತಿ ಕಟುಂ ಅಂತ ಕಚ್ಚಿದೆ. ಆ ಸದ್ದಿಗೆ ಹೊಳೆಯಿತು. ಇಷ್ಟು ಹೊತ್ತು ಅವಳ ಜೊತೆ ಉಂಡಿದ್ದೆ, ಒಂದು ಸಲವೂ ಹಲ್ಲು ಆಡಿಸಿರಲಿಲ್ಲ. ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲವಲ್ಲ, ನುಂಗುವುದಷ್ಟೇ.

ಗಂಡನಿಗೆ ಹೇಳಿದೆ: "ರೀ, ಅವ್ಳಿಗೆ ಹಲ್ಲು ನೋಯ್ತೈತೆ ಅನ್ಸುತ್ತೆ."

"ಹಲ್ಲು ನೋವಿದ್ರೆ ಬಾಯಿ ತೋರ್ಸಕಿಲ್ವಾ?"

"ಯಾವತ್ತು ತೋರ್ಸವ್ಳೆ? ಹೋದ್ಸಲ ಕಾಲು ಸುಟ್ಕೊಂಡಾಗ ನಮಗೆ ಗೊತ್ತಾಗಿದ್ದೇ ಬೊಬ್ಬೆ ಬಂದ್ಮೇಲೆ."

ಹಾಗಾದರೆ ಬಾಯಿ ನೋಡುವುದು ಹೇಗೆ? ಬೆರಳು ತಂದರೆ ಕಚ್ಚುತ್ತಾಳೆ. ಬ್ರಷ್ಷನ್ನೂ ಮುಂದಿನ ಹಲ್ಲಿಗಷ್ಟೇ ಮುಟ್ಟಿಸಿ ಬಿಟ್ಟುಬಿಡುವ ಮಗು. ಅತ್ತೆ ಆಕಳಿಸಿ ತೋರಿಸಿದರು. ಅವಳು ಆಕಳಿಸಲಿಲ್ಲ, ನಾವಿಬ್ಬರೂ ಸಂಜೆ ತನಕ ಆಕಳಿಸಿದೆವು. ಕೊನೆಗೆ ನನ್ನ ಗಂಡನೇ ಹೇಳಿದರು: "ನಗ್ಬೇಕು ಅವ್ಳು. ಸಾವನದುರ್ಗದ ರೋಡಿನ ಇಳಿಜಾರು ಬಂದ್ರೆ ತಲೆ ಹಿಂದಕ್ಕೆ ಹಾಕಿ ನಗ್ತಾಳಲ್ಲ, ಅಲ್ಲಿಗೆ ಹೋಗವ."

ಹೋದೆವು. ಆಟೋದ ಮುಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಸಿಂಚನ, ನನ್ನ ಕೈಯಲ್ಲಿ ಟಾರ್ಚ್ ಹಾಕಿದ ಮೊಬೈಲ್. ಮೊದಲನೆಯ ಇಳಿಜಾರಿನಲ್ಲಿ ಅವಳು ನಗಲಿಲ್ಲ, ಕೆನ್ನೆ ಹಿಡಿದುಕೊಂಡೇ ಇದ್ದಳು. ಗಾಡಿ ತಿರುಗಿಸಿ ಮತ್ತೆ ಮೇಲಕ್ಕೆ ಹತ್ತಿಸಿದರು. ಬೆಟ್ಟ ನೋಡಲು ಬೆಂಗಳೂರಿನಿಂದ ಬಂದಿದ್ದ ಹುಡುಗರು ಬೈಕ್ ನಿಲ್ಲಿಸಿ, "ದಾರಿ ತಪ್ಪಿದ್ರಾ ಅಂಕಲ್?" ಅಂತ ಕೇಳಿದರು. "ಇಲ್ಲ ಸಾರ್, ಮಗಳ ಹಲ್ ನೋಡ್ತಾ ಇದೀವಿ" ಅಂದರು ಇವರು. ಆ ಹುಡುಗರು ಮುಖ ಮುಖ ನೋಡಿಕೊಂಡರು. ಮತ್ತೊಮ್ಮೆ ಇಳಿದೆವು. ಈ ಸಲ ಹೊಟ್ಟೆಯೊಳಗೆ ಗಾಳಿ ಹೊಕ್ಕಂತಾಗುವ ಆ ಜಾಗದಲ್ಲಿ ಅವಳ ತಲೆ ಹಿಂದಕ್ಕೆ ವಾಲಿತು, ಬಾಯಿ ಅಗಲವಾಯಿತು. ಅಷ್ಟು ನೋವಿನಲ್ಲೂ ಅವಳು ನಕ್ಕಳು. ನಾನು ಟಾರ್ಚ್ ಹಿಡಿದು ನೋಡಿದೆ. ಹಿಂದಿನ ದವಡೆ ಹಲ್ಲೊಂದು ಕರ್ರಗಾಗಿ ಗುಳಿ ಬಿದ್ದಿತ್ತು. ಅದರ ಬುಡದ ವಸಡು ಊದಿಕೊಂಡು ಕೆಂಪಗಿತ್ತು.

"ಕಂಡ್ತಾ?" ಅಂದರು.

"ಕಂಡ್ತು. ನಿಲ್ಸಿ."

ಗಾಡಿ ಪಕ್ಕಕ್ಕೆ ಹಾಕಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕೂತುಬಿಟ್ಟರು. ಸಿಂಚನ ಇನ್ನೊಂದು ಸಲ ಹೋಗೋಣ ಅನ್ನುವಂತೆ ಅವರ ತೋಳು ಎಳೆಯುತ್ತಿದ್ದಳು.

ಮರುದಿನವೇ ಒಂದು ಹಲ್ಲಿನ ಕ್ಲಿನಿಕ್ಕಿಗೆ ಹೋದೆವು. ಅಲ್ಲಿನ ಡಾಕ್ಟರಿಗೆ ಕೆಟ್ಟ ಮನಸ್ಸೇನಿರಲಿಲ್ಲ. ಕುರ್ಚಿಯ ಹತ್ತಿರ ಕರೆದರು, ದೀಪ ಹಾಕಿದರು. ಸಿಂಚನ ಅಲ್ಲಿಂದ ಹಾರಿ ಬಾಗಿಲಿಗೆ ಬಂದಿದ್ದಳು. ಮತ್ತೆ ಯತ್ನಿಸಿದಾಗ ಅವರ ಕೈಗೇ ಗಾಯವಾಯಿತು. "ನೋಡಮ್ಮ, ನನ್ನ ಕೈಯಲ್ಲಿ ಆಗಲ್ಲ. ಇವಳಿಗೆ ನಿದ್ದೆ ಬರಿಸಿ ಮಾಡ್ಬೇಕು" ಅಂತ ಹೇಳಿ, ನೋವಿಗೂ ಊತಕ್ಕೂ ಔಷಧ ಬರೆದು, ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕಳಿಸಿದರು. ಔಷಧವನ್ನು ಸಾರಿನಲ್ಲಿ ಬೆರೆಸಿ, ಮುದ್ದೆಯ ತುತ್ತಿನ ಜೊತೆ ಇಳಿಸಿದವರು ಅತ್ತೆ. ಅವಳು ನಿದ್ದೆ ಮಾಡಿದಳು. ಆಮೇಲೆ ನಾವೂ ಮಾಡಿದೆವು.

ಬೆಂಗಳೂರಿನ ಹಲ್ಲಿನ ಡಾಕ್ಟರು ಒಬ್ಬ ಹೆಂಗಸು, ನನ್ನದೇ ವಯಸ್ಸಿನವರು. ಕುರ್ಚಿಯ ಸುದ್ದಿಗೇ ಹೋಗಲಿಲ್ಲ. ಸಿಂಚನ ನೆಲದಲ್ಲಿ ಕೂತರೆ ತಾವೂ ದೂರದಲ್ಲಿ ನೆಲಕ್ಕೆ ಕೂತು ನನ್ನನ್ನು ಕೇಳಿದರು: "ಇವಳಿಗೆ ಏನಿಷ್ಟ?"

ಹಲ್ಲಿನ ಡಾಕ್ಟರು ಅದನ್ನು ಕೇಳುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. "ಇಳಿಜಾರು" ಅಂದೆ. ಅವರು ನಕ್ಕು, ಅದನ್ನೂ ಬರೆದುಕೊಂಡರು. ಅರಿವಳಿಕೆ ಕೊಟ್ಟು ಒಂದೇ ಸಲಕ್ಕೆ ಎಲ್ಲಾ ಹಲ್ಲೂ ನೋಡಿ, ಕೀಳಬೇಕಾದ್ದನ್ನು ಕಿತ್ತು, ತುಂಬಬೇಕಾದ್ದನ್ನು ತುಂಬುತ್ತೇವೆ ಎಂದರು. ಅರಿವಳಿಕೆ ಕೊಡುವಾಗ ಮುಖಕ್ಕೆ ಹಿಡಿಯುವಂಥ ಒಂದು ಮಾಸ್ಕ್ ಕೊಟ್ಟು, "ಇದನ್ನ ಮನೆಯಲ್ಲಿ ಆಟದ ಸಾಮಾನು ಮಾಡಿ" ಅಂದರು.

ಅದು ನಮ್ಮ ಮನೆಯ ವಿಚಿತ್ರ ಕಾಲ. ಮಾಸ್ಕನ್ನು ನಾನು ಹಾಕಿಕೊಂಡು ಹೊಲಿದೆ, ನನ್ನ ಗಂಡ ಹಾಕಿಕೊಂಡು ಟಿ.ವಿ. ನೋಡಿದರು. ಸಿಂಚನ ಅದನ್ನು ಎತ್ತಿ ಬಿಸಾಡಿದಳು, ಮೊಸರಿನ ಪಾತ್ರೆಗೆ ಹಾಕಿದಳು. ಪ್ಲಾಸ್ಟಿಕ್ ವಾಸನೆ ಹಿಡಿಸುತ್ತಿಲ್ಲವೇನೋ, ರೂಢಿಯಾಗಲಿ ಅಂತ ನಾನು ಅದನ್ನು ಅವಳ ದಿಂಬಿನ ಕೆಳಗೆ ಇಟ್ಟೆ. ಅವಳ ಮನಸ್ಸು ತಿರುಗಿದ್ದು ಮಾತ್ರ ಅತ್ತೆಯಿಂದ. ಅತ್ತೆ ಮಾಸ್ಕ್ ಹಾಕಿಕೊಂಡು ಹಸುವಿನ ಹತ್ತಿರ ಹೋದರು. ಹಸು ಬೆದರಿ ಹಿಂದಕ್ಕೆ ಸರಿಯಿತು. ಸಿಂಚನ ಓಡಿಬಂದು ಅಜ್ಜಿಯ ಮುಖದಿಂದ ಅದನ್ನು ಕಿತ್ತು, ತನ್ನ ಮುಖಕ್ಕೆ ಇಟ್ಟುಕೊಂಡು, ಹಸುವನ್ನು ನೋಡಿದಳು. ಆವತ್ತಿನಿಂದ ಬೆಳಿಗ್ಗೆ ಎದ್ದರೆ ಮಾಸ್ಕ್ ಹಿಡಿದು ಕೊಟ್ಟಿಗೆಗೆ. ಪಾಪ, ಹಸುವಿಗೂ ಅದು ರೂಢಿಯಾಯಿತು.

ಆಪರೇಷನ್ನಿನ ದಿನ ಬೆಳಿಗ್ಗೆ ಅವಳಿಗೆ ತಿನ್ನಲು ಏನೂ ಕೊಡುವ ಹಾಗಿರಲಿಲ್ಲ. ನೀಲಿ ತಟ್ಟೆ ಕಾಣದಿದ್ದರೆ ಅವಳು ಕೇಳಲಾರಳು, ಕಂಡರೆ ಬಿಡಲಾರಳು. ಹಾಗಾಗಿ ಅಡುಗೆಮನೆಗೆ ದೀಪವನ್ನೇ ಹಾಕದೆ, ನಾವೂ ಏನೂ ತಿನ್ನದೆ, ನೇರ ಆಟೋ ಹತ್ತಿದೆವು. ದಾರದಲ್ಲಿ ಆಟೋ, ಆಸ್ಪತ್ರೆ, ಡಾಕ್ಟರು, ಮಾಸ್ಕ್, ಮನೆ, ಇಷ್ಟರ ಫೋಟೋ ಮಾತ್ರ ಸಿಕ್ಕಿಸಿದ್ದೆ. ಅತ್ತೆ ಹಿಂದಿನ ದಿನವೇ ಸೀರೆ ಮಡಿಸಿ ಇಟ್ಟುಕೊಂಡಿದ್ದರು. "ನೀವು ಯಾಕೆ ಅತ್ತೆ, ಕಾಲು ನೋವಲ್ಲಿ" ಅಂದರೆ, "ನನ್ ಮೊಮ್ಮಗ್ಳು ಹೊಯ್ತಾವ್ಳೆ, ನಾನ್ ಬತ್ತೀನಿ" ಅಂದರು, ಅಷ್ಟೇ.

ಆಸ್ಪತ್ರೆಯಲ್ಲಿ ಥಿಯೇಟರಿಗೆ ಹೋಗುವ ದಾರಿಯಲ್ಲಿ ಟ್ರಾಲಿಗಳಿಗಾಗಿ ಮಾಡಿದ ಇಳಿಜಾರಿತ್ತು. ಡಾಕ್ಟರು ವಾರ್ಡಿನವರಿಗೆ ಏನೋ ಹೇಳಿದರು. ಅವರು ಟ್ರಾಲಿಯನ್ನು ಆ ಇಳಿಜಾರಿನಲ್ಲಿ ಕೆಳಕ್ಕೆ ತಂದರು, ಮತ್ತೆ ಮೇಲಕ್ಕೆ ಹೋದರು, ಮತ್ತೆ ಕೆಳಕ್ಕೆ ತಂದರು. ಸಿಂಚನ ಮಲಗಿದ್ದಲ್ಲೇ ನಕ್ಕಳು. ಹಸಿರು ಬಟ್ಟೆಯ ಆ ಅಪರಿಚಿತ ಜನ ನನ್ನ ಮಗಳಿಗಾಗಿ ಮೇಲಕ್ಕೂ ಕೆಳಕ್ಕೂ ಹೋಗುವುದನ್ನು ನೋಡುತ್ತಾ ನಾನು ಗೋಡೆಯ ಪಕ್ಕ ನಿಂತಿದ್ದೆ. ಅವಳು ನಿದ್ದೆ ಹೋಗುವ ತನಕ ನನ್ನನ್ನೂ ಒಳಗಿರಲು ಬಿಟ್ಟರು. ಮಾಸ್ಕ್ ಬಂದಾಗ ಅವಳು ಮುಖ ತಿರುಗಿಸಿ ಹುಡುಕಿದಳು, ಹಸುವನ್ನೇ ಹುಡುಕಿದಳೇನೋ. ಅಷ್ಟರಲ್ಲಿ ಅವಳ ಕೈ ನನ್ನ ಕೈಯಲ್ಲಿ ಸಡಿಲವಾಯಿತು. ಆ ಸಡಿಲವಾದ ಕೈಯನ್ನು ಬಿಟ್ಟು ಹೊರಗೆ ಬಂದದ್ದು ಮಾತ್ರ ಕಷ್ಟವಾಯಿತು.

ಹೊರಗೆ ನನ್ನ ಗಂಡ ಗೋಡೆ ಹಿಡಿದು ನಿಂತಿದ್ದರು. ಅತ್ತೆ ಕುರ್ಚಿಯಲ್ಲಿ ಕೂತು ನೆಲ ನೋಡುತ್ತಿದ್ದರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು: "ಸವಿತಾ, ಮುದ್ದೆ ತಿಂದಾಗ್ಲೇ ನೋವಿತ್ತಾ ಅವ್ಳಿಗೆ?"

"ಇದ್ದಿರ್ಬೇಕು ಅತ್ತೆ."

"ನಾನು ಅದನ್ನೇ ಊರಿಗೆಲ್ಲಾ ಹೇಳ್ಕೊಂಡ್ ಕುಣಿದ್ನಲ್ಲವ್ವ."

"ಅಗಿಯಕ್ಕಾಗ್ದೆ ಇರೋವಾಗ ಅವ್ಳ ಹೊಟ್ಟೆ ತುಂಬ್ಸಿದ್ದು ನಿಮ್ ಮುದ್ದೆ. ಇಲ್ದಿದ್ರೆ ಉಪವಾಸ ಬೀಳ್ತಿದ್ಲು."

ಅವರು ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ನನ್ನ ಕೈಯನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ನಾನು ಮದುವೆಯಾಗಿ ಬಂದ ಇಷ್ಟು ವರ್ಷದಲ್ಲಿ ಅವರು ಹಾಗೆ ಮಾಡಿದ್ದು ಅದೇ ಮೊದಲು.

ಎರಡು ಹಲ್ಲು ಕಿತ್ತಿದ್ದರು, ಉಳಿದವಕ್ಕೆ ತುಂಬಿದ್ದರು. ಎಚ್ಚರವಾದಾಗ ಅತ್ತಳು, ಸೂಜಿ ಕೀಳಲು ನೋಡಿದಳು, ಆಮೇಲೆ ಅಪ್ಪನ ಹೆಗಲ ಮೇಲೆ ನಿದ್ದೆ ಹೋದಳು. ಮನೆಗೆ ಬಂದ ಮೇಲೂ ಕೆಲವು ದಿನ ಮುದ್ದೆಯೇ. ಆಮೇಲೊಂದು ಮಧ್ಯಾಹ್ನ ಅತ್ತೆ ತುತ್ತು ಹಿಡಿದರೆ ಅವಳು ತಟ್ಟೆಯನ್ನು ಅಷ್ಟು ದೂರಕ್ಕೆ ದೂಡಿ, ಡಬ್ಬಿ ತೆಗೆದು ನಿಪ್ಪಟ್ಟು ಕಚ್ಚಿದಳು. ಅತ್ತೆ ಅಡುಗೆಮನೆಯಿಂದಲೇ ಕೂಗಿದರು: "ಸವಿತಾ, ಮುದ್ದೆ ಬ್ಯಾಡ ಅಂದ್ಳು ಕಣೇ! ವಾಸಿಯಾಗವ್ಳೆ!"

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನಗೆ ಸಮಾಧಾನವಿರಲಿಲ್ಲ. ಮುಂದಿನ ಸಲ ಹೊಟ್ಟೆ ನೋವು ಬಂದರೆ? ಕಿವಿ ನೋವು ಬಂದರೆ? ಪ್ರತಿ ಸಲವೂ ನಾನು ಪಕ್ಕದಲ್ಲಿ ತಟ್ಟೆ ಹಾಕಿಕೊಂಡು ಕೂತು ಪತ್ತೆ ಮಾಡಲಾಗುತ್ತದೆಯೇ? ಟೀಚರನ್ನು ಕೇಳಿದಾಗ, "ಬೇರೆಯವರ ನೋವನ್ನ ಮುಟ್ಟೋದ್ರಿಂದ ಶುರು ಮಾಡಿ" ಎಂದರು. ಅಂದರೆ ಮನೆಯಲ್ಲಿ ಯಾರಿಗೆ ಏನು ತರಚಿದರೂ ಸಿಂಚನಳ ಕೈ ಹಿಡಿದು ಅಲ್ಲಿ ಇಡಿಸಿ, "ನೋವು" ಅನ್ನುವುದು. ನನಗೆ ಸೂಜಿ ಚುಚ್ಚಿದಾಗ ಇಡಿಸಿದೆ. ಗಂಡನ ಕೈಗೆ ಕ್ರೇಟಿನ ಮೊಳೆ ತಾಕಿದಾಗ ಇಡಿಸಿದೆ. ಅತ್ತೆಯ ಮೊಣಕಾಲಿಗಂತೂ ದಿನಾ ನೋವೇ. "ಬಾ ಮಗ, ಇಲ್ಲಿ ಕೈಯಿಕ್ಕು, ನೋವು, ನೋವು" ಅಂತ ಅವರು ಬೆಳಿಗ್ಗೆಯೂ ಸಂಜೆಯೂ ಪಾಠ ಮಾಡಿದರು. ಮಳೆಗಾಲ ಕಳೆಯಿತು. ಸಿಂಚನ ಕೈ ಇಡಿಸಿದರೆ ಇಡುತ್ತಿದ್ದಳು, ಬಿಟ್ಟರೆ ತೆಗೆಯುತ್ತಿದ್ದಳು. ಅವಳ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಇದರಿಂದ ಅವಳಿಗೆ ಏನಾದರೂ ಅರ್ಥವಾಗುತ್ತಿದೆಯೇ, ಇಲ್ಲ ನಾವು ಹೇಳಿದ ಕೆಲಸ ಮಾಡಿ ಮುಗಿಸುತ್ತಿದ್ದಾಳೆಯೇ ಅಂತ ನನಗೆ ಗೊತ್ತಾಗಲೇ ಇಲ್ಲ.

ಆ ವರ್ಷದ ದೀಪಾವಳಿಗೆ ಸುಜಾತ ಪಟ್ಟು ಹಿಡಿದಳು. "ಅತ್ತಿಗೆ, ಒಂದ್ಸಲನಾದ್ರೂ ನಮ್ಮೂರಿಗೆ ಬನ್ನಿ. ಪಟಾಕಿ ಹೊಡಿಯಕಿಲ್ಲ, ನಾನ್ ಗ್ಯಾರಂಟಿ." ಸಿಂಚನಳನ್ನು ಕರೆದುಕೊಂಡು ನಾವು ಹಬ್ಬಕ್ಕೆ ಬೇರೆ ಊರಿಗೆ ಹೋಗಿದ್ದೇ ಇಲ್ಲ. ಸುಜಾತಳ ಮನೆಯ ಬಾಗಿಲು, ಜಗಲಿ, ಬಚ್ಚಲು, ಎಲ್ಲದರ ಫೋಟೋ ತರಿಸಿಕೊಂಡು, ತೋರಿಸಿ ತೋರಿಸಿ, ನೀಲಿ ತಟ್ಟೆಯನ್ನೂ ಅವಳ ಹೊದಿಕೆಯನ್ನೂ ಕಟ್ಟಿಕೊಂಡು ದೊಡ್ಡಆಲಹಳ್ಳಿಗೆ ಹೋದೆವು.

ಸುಜಾತ ಮಾತು ಉಳಿಸಿಕೊಂಡಿದ್ದಳು. ಅವರ ಮನೆಯಲ್ಲಿ ಪಟಾಕಿ ಇರಲಿಲ್ಲ. ಸಂಜೆಗೆ ಮುಂಚೆಯೇ ಊಟಕ್ಕೆ ಎಲೆ ಹಾಕಿದರು. ನಾನು ಒಳಗೆ ಬಡಿಸಲು ನಿಂತಿದ್ದೆ. ಸಿಂಚನ ಹಿತ್ತಿಲಿನ ಕಡೆಯಿಂದ ಬಂದಳು. ನಡೆಯುವುದರಲ್ಲಿ ಏನೋ ಹೆಚ್ಚುಕಡಿಮೆಯಿತ್ತು; ಜನರ ನಡುವೆ ಯಾರನ್ನೂ ನೋಡದೆ, ನೇರ ನನ್ನ ಹತ್ತಿರ ಬಂದಳು. ನನ್ನ ಕೈಯ ಸೌಟು ತೆಗೆದು ಕೆಳಗಿಟ್ಟಳು. ನನ್ನ ಕೈ ಹಿಡಿದು ಎಳೆದು, ನನ್ನನ್ನು ನೆಲಕ್ಕೆ ಕೂರಿಸಿ, ತಾನೂ ಕೂತು, ನನ್ನ ಅಂಗೈಯನ್ನು ತನ್ನ ಹಿಮ್ಮಡಿಗೆ ಒತ್ತಿ ಹಿಡಿದುಕೊಂಡಳು.

ನಾನು ಉಸಿರು ಬಿಡಲಿಲ್ಲ. ಅವಳೂ ಕೈ ಬಿಡಲಿಲ್ಲ.

ಮೆಲ್ಲಗೆ ಕಾಲೆತ್ತಿ ನೋಡಿದೆ. ಜಾಲಿಮುಳ್ಳಿನ ತುದಿ, ಮುರಿದು ಒಳಗೆ ಉಳಿದಿತ್ತು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದೆ. ಮುಳ್ಳಿನ ಸುತ್ತಲಿನ ಚರ್ಮ ಬಿಡಿಸತೊಡಗಿದೆ. ದಿನವಿಡೀ ಸೂಜಿ ಹಿಡಿಯುವ ಕೈ ನನ್ನದು.

ಕೈ ತೊಳೆದು ಎಲೆಯ ಮುಂದೆ ಕೂರಲು ಬರುತ್ತಿದ್ದ ನನ್ನ ಗಂಡ ನಮ್ಮನ್ನು ನೋಡಿ ಅಲ್ಲೇ ನಿಂತರು. "ಏನಾಯ್ತೇ?"

"ಕಾಲಿಗೆ ಮುಳ್ಳು ಚುಚ್ಚೈತಂತೆ."

"ಯಾರಂದ್ರು?"

"ಅವ್ಳೇ ಹೇಳುದ್ಳು" ಅಂದೆ.